ಎಲ್‌ಪಿ ಕೊನೆಗೆ ಬಂದಾಗ ದನಿ ಒಡೆಯುತ್ತೆ, ಸ್ಟೈಲಸ್ ಮಾತ್ರ ಬದಲಿಸಿದರೆ ಸಾಕಾ?

ಸಾಕು. ನಿಮ್ಮ ಹತ್ತಿರ ಇರುವುದು ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್ ಟರ್ನ್‌ಟೇಬಲ್, ಅದರ ಜೊತೆಗೇ ಬಂದ ವಿಎಂ95ಇ ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಕೂತು ಗೆರೆಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಭಾಗ). ಹಿಂದೂಸ್ತಾನಿ ಎಲ್‌ಪಿಗಳು ಕೊನೆಗೆ ಬರುವಾಗ ದನಿ ಒಡೆಯುತ್ತದೆ, ಕಾರ್ಟ್ರಿಡ್ಜನ್ನೇ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಅದೇ ಕಾರ್ಟ್ರಿಡ್ಜ್ ಇಟ್ಟುಕೊಂಡು ಎಂಎಲ್ (ಮೈಕ್ರೋಲೀನಿಯರ್) ಅನ್ನುವ ಸ್ಟೈಲಸ್, ಅಂದರೆ ಮುಳ್ಳಿನ ಭಾಗ, ಹಾಕಿ. ನಾನು ಬಳಸುತ್ತಿರುವುದೂ ಅದನ್ನೇ, ಇ ಸ್ಟೈಲಸ್ (ನಿಮ್ಮಲ್ಲಿ ಈಗ ಇರುವುದು) ಜೊತೆ ಬಂದ ಹಳೆಯ ಬಾಡಿಯ ಮೇಲೇ.

ಬರೀ ಮುಳ್ಳು ಬದಲಿಸಿದರೆ ಏನಾಗುತ್ತೆ ಅಂತ ಅನಿಸಬಹುದು. ಆದರೆ ಈ ಕಾರ್ಟ್ರಿಡ್ಜಿನ ಬಾಡಿಯಲ್ಲಿ ಇರುವುದು ಮುಖ್ಯವಾಗಿ ಕಾಯಿಲ್ ಮತ್ತು ಹಿಂದಿನ ನಾಲ್ಕು ಪಿನ್ನು. ವಜ್ರದ ತುದಿ, ಅದು ಕೂತಿರುವ ಸಣ್ಣ ಕಡ್ಡಿ, ಆ ಕಡ್ಡಿಯ ಇನ್ನೊಂದು ತುದಿಯಲ್ಲಿ ಅಲುಗುವ ಎರಡು ಪುಟ್ಟ ಅಯಸ್ಕಾಂತ, ಇವೆಲ್ಲಾ ಕೈಗೆ ಬಿಚ್ಚಿ ಬರುವ ಸ್ಟೈಲಸ್ ಭಾಗದಲ್ಲೇ ಇವೆ. ಅಂದರೆ ಅಲುಗುವ ಭಾಗವೆಲ್ಲಾ ಹೊಸದಾಗುತ್ತದೆ. ವಿಎಂ95 ಸರಣಿಯಲ್ಲಿ ಸಿ, ಇ, ಇಎನ್, ಎಂಎಲ್, ಎಸ್‌ಎಚ್, ಎಸ್‌ಪಿ ಆರೂ ಸ್ಟೈಲಸ್ ಒಂದೇ ಬಾಡಿಗೆ ಕೂರುತ್ತವೆ.

ಈಗ ದನಿ ಯಾಕೆ ಒಡೆಯುತ್ತದೆ ಅಂತ ನೋಡಿ. ಪ್ಲೇಟು ಸುತ್ತುವುದು ಒಂದೇ ವೇಗದಲ್ಲಿ, ಆದರೆ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋದರೆ ಲೇಬಲ್ ಹತ್ತಿರ ಬರೀ 20 ಸೆಂ.ಮೀ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಯಬೇಕು. ನಮ್ಮ ಪ್ಲೇಟುಗಳಿಗೆ ಇದು ಇನ್ನೂ ದೊಡ್ಡ ಪೆಟ್ಟು. ಒಂದು ಬದಿ ಪೂರ್ತಿ ಒಂದೇ ರಾಗ ಇದ್ದರೆ ನಿಧಾನ ಗತಿಯ ವಿಲಂಬಿತ್ ಹೊರಗಡೆ ಆರಾಮಾಗಿ ಕೂತಿರುತ್ತದೆ, ತಾನುಗಳು, ವೇಗದ ದ್ರುತ್, ತಬಲಾದ ಜೋರು ಎಲ್ಲಾ ಒಳಗಡೆ ಬರುತ್ತದೆ. ಭೀಮಸೇನ ಜೋಶಿಯವರ ದನಿ ಏರುವ ಹೊತ್ತಿಗೆ ಸರಿಯಾಗಿ ಮುಳ್ಳು ಕಷ್ಟದ ಜಾಗಕ್ಕೆ ಬಂದಿರುತ್ತದೆ, ನಿಜವಾಗಲೂ ಬೇಜಾರಾಗುತ್ತೆ. ಇ ಸ್ಟೈಲಸ್‌ನ ಅಂಚು ಈ ಸಣ್ಣ ತಿರುವುಗಳಿಗೆ ದಪ್ಪ. ಎಂಎಲ್‌ನ ಅಂಚು ತುಂಬಾ ತೆಳು, ಅದು ಒಳಗೆ ಇಳಿದು ಹಿಡಿಯುತ್ತದೆ.

ಬೆಲೆ ಇ ಗಿಂತ ಸಾಕಷ್ಟು ಜಾಸ್ತಿ, ನಿಜ. ಆದರೆ ಕಂಪನಿಯೇ ಹೇಳುವ ಆಯಸ್ಸು ಇ ಥರದ್ದಕ್ಕೆ 300 ಗಂಟೆ, ಎಂಎಲ್‌ಗೆ 1000 ಗಂಟೆ. ದಿನಾ ಕೇಳುವವರಿಗೆ ನಷ್ಟ ಏನಿಲ್ಲ. ಪ್ಲೇಟೇ ಸವೆದು ಹೋಗಿದ್ದರೆ ಮಾತ್ರ ಯಾವ ಸ್ಟೈಲಸ್ಸೂ ಪೂರ್ತಿ ಸರಿಮಾಡಲಾರದು.

ದುಡ್ಡು ಹಾಕುವ ಮುಂಚೆ ಒಂದು ಕೆಲಸ ಮಾಡಿ. ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಡ್ಜ್ ಕೂರುವ ಕೋನ ನೋಡುವ ಗೆರೆಗಳ ಹಾಳೆ) ಪ್ರಿಂಟ್ ತೆಗೆದು (ಅಳತೆ ಬದಲಾಗದ ಹಾಗೆ) ಕಾರ್ಟ್ರಿಡ್ಜ್ ನೇರ ಕೂತಿದೆಯಾ ನೋಡಿ. ಮುಳ್ಳು ಪ್ಲೇಟಿನ ಮೇಲೆ ಒತ್ತುವ ಭಾರ 2 ಗ್ರಾಂ ಇದೆಯಾ ಅಂತ ಗೇಜಿನಲ್ಲಿ (ಆ ಭಾರ ಅಳೆಯುವ ಪುಟ್ಟ ತಕ್ಕಡಿ) ಅಳೆಯಿರಿ. ಕಾರ್ಟ್ರಿಡ್ಜ್ ಸ್ವಲ್ಪ ವಾರೆ ಕೂತಿದ್ದರೂ ಒಳಗೆರೆಯಲ್ಲಿ ದನಿ ಒಡೆಯುತ್ತದೆ, ಮತ್ತು ಎಂಎಲ್ ಈ ವಿಷಯದಲ್ಲಿ ಇ ಗಿಂತ ಹಟಮಾರಿ. ಇಷ್ಟರಲ್ಲೇ ಸರಿಹೋದರೆ ಖರ್ಚೇ ಇಲ್ಲ, ಅಲ್ವಾ?

ಬದಲಿಸುವುದು ಸುಲಭ. ಆಂಪ್ ಆಫ್ ಮಾಡಿ, ಹೆಡ್‌ಶೆಲ್ (ಕಾರ್ಟ್ರಿಡ್ಜ್ ಕೂತಿರುವ ತೋಳಿನ ತುದಿ) ಬಿಚ್ಚಿ ಮೇಜಿನ ಮೇಲೆ ತನ್ನಿ. ಒಂದು ಕೈಲಿ ಬಾಡಿ ಹಿಡಿದು, ಇನ್ನೊಂದರಲ್ಲಿ ಹಸಿರು ಪ್ಲಾಸ್ಟಿಕ್ ಭಾಗವನ್ನು ಮುಂದಕ್ಕೆ, ಕೆಳಕ್ಕೆ ಎಳೆದರೆ ಕಳಚಿ ಬರುತ್ತದೆ. ಕೆಂಪು ಎಂಎಲ್ ಅನ್ನು ಟಕ್ ಅನ್ನುವ ತನಕ ಒತ್ತಿ. ಕಡ್ಡಿಗೆ ಮಾತ್ರ ಬೆರಳು ತಾಗಿಸಲೇಬೇಡಿ. ಆಮೇಲೆ ಭಾರ, ಆಂಟಿ-ಸ್ಕೇಟ್ (ತೋಳು ಒಳಕ್ಕೆ ಜಾರುವುದನ್ನು ತಡೆಯುವ ಹೊಂದಿಕೆ) ಎರಡನ್ನೂ ಮತ್ತೆ ನೋಡಿಕೊಳ್ಳಿ.

ಅಜ್ಜನ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಪ್ಲೇಟುಗಳ ಬಗ್ಗೆಯೂ ಕೇಳಿದ್ದೀರಿ. ಅವುಗಳ ಗೆರೆ ತುಂಬಾ ಅಗಲ. ಇ, ಎಂಎಲ್ ಎರಡೂ ಗೆರೆಯ ತಳದಲ್ಲಿ ಓಡಾಡಿ ಬರೀ ಗರಗರ ಸದ್ದು ಎತ್ತುತ್ತವೆ. ಅದಕ್ಕೆ ಎಸ್‌ಪಿ ಸ್ಟೈಲಸ್ ಬೇಕು, ಅದರ ತುದಿ 3 ಮಿಲ್, ಅಂದರೆ ಸುಮಾರು 76 ಮೈಕ್ರಾನ್. ಅದೂ ಇದೇ ಬಾಡಿಗೆ ಕೂರುತ್ತದೆ. ಆದರೆ ಭಾರ 5 ಗ್ರಾಂ ಇಡಬೇಕು. ಕೌಂಟರ್‌ವೇಟಿನ (ತೋಳಿನ ಹಿಂದಿನ ತೂಕದ) ಡಯಲ್ ಅಷ್ಟು ದೂರ ತೋರಿಸದೇ ಇರಬಹುದು, ಗೇಜಿನಲ್ಲೇ ಅಳೆಯಿರಿ. ಎಲ್‌ಪಿಗೆ ವಾಪಸ್ ಬರುವಾಗ ಎಂಎಲ್ ಹಾಕಿ, ಮುಳ್ಳು ಪ್ಲೇಟಿನ ಮೇಲೆ ಇಳಿಸುವ ಮೊದಲೇ 2 ಗ್ರಾಂಗೆ ತಿರುಗಿಸಿಬಿಡಿ.