ಓದುಗರ ಪ್ರಶ್ನೆ: ಪಟ್ಟಿಯಿಂದ ನಕಾಶೆಗೆ

ಪ್ರಶ್ನೆ: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸುಮಾರು 160 ಶುದ್ಧ ಕುಡಿಯುವ ನೀರಿನ ಘಟಕಗಳ ನಿರ್ವಹಣೆಯನ್ನು ನಾನು ನೋಡಿಕೊಳ್ಳುತ್ತೇನೆ. ಎಕ್ಸೆಲ್ ಪಟ್ಟಿ ಸಿದ್ಧವಿದೆ. ಅದನ್ನು ನಕಾಶೆಯ ಮೇಲೆ ತರಲು ಜಿಐಎಸ್ (ಕಂಪ್ಯೂಟರಿನಲ್ಲಿ ನಕಾಶೆ ರಚಿಸುವ ತಂತ್ರಜ್ಞಾನ) ತರಬೇತಿ ಬೇಕೇ? ಊರಿನ ಹೆಸರು ಕೊಟ್ಟು ಪ್ರಯತ್ನಿಸಿದಾಗ ಹಲವು ಘಟಕಗಳು ಬೇರೆ ಜಿಲ್ಲೆಗೆ ಹೋಗಿ ಕುಳಿತವು. (ಓದುಗರು, ಕಲಬುರಗಿ)

ಉತ್ತರ: ತರಬೇತಿ ಬೇಕಾಗಿಲ್ಲ. ಘಟಕಗಳನ್ನು ಗುರುತಿಸಿ ಸಹೋದ್ಯೋಗಿಗಳ ಫೋನಿಗೆ ಕಳುಹಿಸುವಷ್ಟೇ ನಿಮ್ಮ ಅಗತ್ಯವಾದರೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಎಕ್ಸೆಲ್ ಅಥವಾ ಸಿಎಸ್‌ವಿ (ಪಟ್ಟಿಯನ್ನು ಸರಳ ಪಠ್ಯವಾಗಿ ಉಳಿಸುವ ರೂಪ) ಕಡತವನ್ನು ಅದು ನೇರವಾಗಿ ಸ್ವೀಕರಿಸುತ್ತದೆ. ಒಂದು ಪದರಕ್ಕೆ (ಒಟ್ಟಿಗೆ ಏರಿಸಿದ ಗುರುತುಗಳ ಗುಂಪಿಗೆ) 2,000 ಸಾಲು, ಒಂದು ನಕಾಶೆಗೆ 10 ಪದರ ಎಂಬ ಮಿತಿ ನಿಮ್ಮ ಕೆಲಸಕ್ಕೆ ಅಡ್ಡಬರುವುದಿಲ್ಲ. ಗೂಗಲ್ ಖಾತೆಯ ಹಂಗು ಬೇಡವೆನ್ನುವವರು ಜನರೇ ಕೂಡಿ ರೂಪಿಸಿದ ಉಚಿತ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಯುಮ್ಯಾಪ್ ಬಳಸಬಹುದು. ಯಾವುದು ಮೇಲು ಎಂಬ ಚರ್ಚೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ, ಏಕೆಂದರೆ ನಿಮ್ಮ ಘಟಕಗಳು ದಾರಿ ತಪ್ಪಿದ್ದು ಪಟ್ಟಿಯಲ್ಲಿ.

ಹೊಸಳ್ಳಿ ಎಂಬ ಹೆಸರಿನ ಊರುಗಳು ರಾಜ್ಯದಲ್ಲಿ ಎಷ್ಟೋ ಇವೆ. ಹೆಸರೊಂದನ್ನೇ ಕೊಟ್ಟರೆ ತಂತ್ರಾಂಶ ತನಗೆ ಮೊದಲು ಸಿಕ್ಕಿದ ಹೊಸಳ್ಳಿಗೆ ಗುರುತು ಹಾಕುತ್ತದೆ. ಗ್ರಾಮ, ತಾಲ್ಲೂಕು, ಜಿಲ್ಲೆ, ರಾಜ್ಯ ಇಷ್ಟನ್ನೂ ಪ್ರತಿ ಸಾಲಿನಲ್ಲಿ ಬರೆದರೆ ಅರ್ಧ ತೊಂದರೆ ಕಳೆಯುತ್ತದೆ. ಉಳಿದರ್ಧಕ್ಕೆ ಅಕ್ಷಾಂಶ ಮತ್ತು ರೇಖಾಂಶಗಳೇ ಮದ್ದು. ನಿಮ್ಮ ಸಿಬ್ಬಂದಿ ಹೇಗಿದ್ದರೂ ಘಟಕಕ್ಕೆ ಹೋಗುತ್ತಾರಲ್ಲವೇ? ಅಲ್ಲಿ ನಿಂತು ಫೋನಿನ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ದಶಮಾಂಶ ಸಂಖ್ಯೆಗಳು ಕಾಣಿಸುತ್ತವೆ. ಅವನ್ನು ನಕಲು ಮಾಡಿ ಕಳುಹಿಸಲಿ. ಕೈಯಿಂದ ಬರೆದುಕೊಂಡು ಮತ್ತೆ ಟೈಪ್ ಮಾಡುವ ಪದ್ಧತಿ ಬೇಡ. ಐದನೆಯ ದಶಮಾಂಶ ಸ್ಥಾನವೆಂದರೆ ನೆಲದ ಮೇಲೆ ಸುಮಾರು 1 ಮೀಟರ್, ಮತ್ತು ಬಯಲಿನಲ್ಲಿಯೂ ಸಾಮಾನ್ಯ ಫೋನಿನ ನಿಖರತೆ 5 ಮೀಟರಿನ ಆಸುಪಾಸಿನಲ್ಲಿರುವುದರಿಂದ, ಅದಕ್ಕಿಂತ ಮುಂದಿನ ಅಂಕಿಗಳಿಗೆ ಅರ್ಥವಿಲ್ಲ.

ಎರಡು ತಪ್ಪುಗಳ ಬಗ್ಗೆ ಎಚ್ಚರವಿರಲಿ. ಮೊದಲನೆಯದನ್ನು ನಾನೇ ಮಾಡಿದ್ದೇನೆ. ಕಲಬುರಗಿ ನಗರ ಸುಮಾರು 17.33 ಅಕ್ಷಾಂಶ, 76.83 ರೇಖಾಂಶದಲ್ಲಿದೆ. ಕೊಳವೆಬಾವಿಗಳ ಪಟ್ಟಿಯೊಂದರಲ್ಲಿ ಈ ಎರಡು ಕಾಲಂಗಳನ್ನು ಅದಲುಬದಲು ಮಾಡಿ ನಕಾಶೆ ತೆರೆದಾಗ ನಮ್ಮ ಬಾವಿಗಳೆಲ್ಲ ನಾರ್ವೆ ದೇಶದ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳ ಬಳಿ, ಹಿಮಕರಡಿಗಳ ಸೀಮೆಯಲ್ಲಿ ಸಾಲಾಗಿ ನಿಂತಿದ್ದವು. ಬೇಸಿಗೆಯ ನಡುಮಧ್ಯಾಹ್ನ ಅದನ್ನು ನೋಡಿ ಕಚೇರಿಯವರೆಲ್ಲ ನಕ್ಕರು. ಇಂಥ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ಬೀಳುವುದಿಲ್ಲ: 17 ಡಿಗ್ರಿ 20 ನಿಮಿಷ ಎಂಬುದನ್ನು 17.20 ಎಂದು ಬರೆಯುವುದು. 20 ನಿಮಿಷವೆಂದರೆ ಡಿಗ್ರಿಯ ಮೂರನೆಯ ಒಂದು ಭಾಗ. ಆದ್ದರಿಂದ ಸರಿಯಾದ ಸಂಖ್ಯೆ 17.333. ಈ ವ್ಯತ್ಯಾಸಕ್ಕೆ ಘಟಕ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ ಸರಿದು, ಅದೇ ಜಿಲ್ಲೆಯ ಇನ್ನೊಂದು ಊರಿನ ಪಕ್ಕದಲ್ಲಿ ಏನೂ ಆಗಿಲ್ಲವೆಂಬಂತೆ ಕುಳಿತಿರುತ್ತದೆ. ಹಳೆಯ ದಾಖಲೆಗಳಿಂದ ಎತ್ತಿಕೊಂಡ ಸಂಖ್ಯೆಗಳನ್ನು ಒಮ್ಮೆಯಾದರೂ ಪರಿಶೀಲಿಸಿ.

ಊರಿನ ಹೆಸರುಗಳು ಕನ್ನಡದಲ್ಲಿದ್ದರೆ ಕಡತವನ್ನು ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯಲ್ಲಿಯೇ ಉಳಿಸಬೇಕು. ಬರಿಯ ಸಿಎಸ್‌ವಿ ಎಂದು ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ.

ಪ್ರಶ್ನೆ: ಡೆಂಗಿ ಪ್ರಕರಣಗಳ ತಾಲ್ಲೂಕುವಾರು ನಕಾಶೆಯನ್ನು ಡೇಟಾರ್ಯಾಪರ್ ಎಂಬ ನಕಾಶೆ ರಚಿಸುವ ಜಾಲತಾಣದಲ್ಲಿ ಮಾಡಿದೆ. ಕಮಲನಗರ, ಹುಲಸೂರು, ಚಿಟಗುಪ್ಪ ತಾಲ್ಲೂಕುಗಳು ಕಾಣಿಸಲೇ ಇಲ್ಲ. (ಓದುಗರು, ಬೀದರ್)

ಉತ್ತರ: ನೀವು ಬಳಸಿದ ಗಡಿಗಳು 2011ರ ಜನಗಣತಿಯ ಕಾಲದವು ಎಂದು ತೋರುತ್ತದೆ. ಆಗ ಬೀದರ್ ಜಿಲ್ಲೆಯಲ್ಲಿ ಇದ್ದದ್ದು ಔರಾದ್, ಬಸವಕಲ್ಯಾಣ, ಭಾಲ್ಕಿ, ಬೀದರ್, ಹುಮನಾಬಾದ್ ಎಂಬ ಐದೇ ತಾಲ್ಲೂಕು. ನೀವು ಹೇಳಿದ ಮೂರೂ ಆಮೇಲೆ ಬಂದವು. ಕಲಬುರಗಿಯ ಕಾಳಗಿ, ಕಮಲಾಪುರ, ಶಹಾಬಾದ್, ಯಡ್ರಾಮಿಗಳಿಗೂ, ಯಾದಗಿರಿಯ ಹುಣಸಗಿ, ವಡಗೇರಾ, ಗುರುಮಠಕಲ್‌ಗಳಿಗೂ ಇದೇ ಗತಿ. ರಾಜ್ಯ ಸರ್ಕಾರದ ನಕಾಶೆಗಳ ತಾಣವಾದ ಕೆ-ಜಿಐಎಸ್ ಜಾಲತಾಣದಲ್ಲಿ ಹೊಸ ಗಡಿ ಸಿಕ್ಕರೆ ಅದನ್ನು ಮ್ಯಾಪ್‌ಶೇಪರ್ ಎಂಬ ಉಚಿತ ತಾಣದಲ್ಲಿ ಜಿಯೋಜೇಸನ್ ಎಂಬ ಗಡಿ ಕಡತದ ರೂಪಕ್ಕೆ ಬದಲಿಸಿ ಡೇಟಾರ್ಯಾಪರ್‌ಗೆ ಏರಿಸಬಹುದು. ಹೊಸ ತಾಲ್ಲೂಕಿನ ಅಂಕಿಗಳನ್ನು ಹಳೆಯದಕ್ಕೆ ಕೂಡಿಸುವುದು ಇನ್ನೊಂದು ದಾರಿ. ಆದರೆ ಅದರ ಎಲ್ಲ ಹಳ್ಳಿಗಳೂ ಒಂದೇ ಹಳೆಯ ತಾಲ್ಲೂಕಿನಿಂದ ಬಂದಿವೆಯೇ ಎಂದು ಹಳ್ಳಿವಾರು ಪಟ್ಟಿಯಲ್ಲಿ ನೋಡಿಕೊಂಡೇ ಕೂಡಿಸಬೇಕು.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಪ್ರಕರಣಗಳ ಒಟ್ಟು ಸಂಖ್ಯೆಗೆ ಬಣ್ಣ ಹಚ್ಚಿದರೆ ಬೀದರ್ ತಾಲ್ಲೂಕು ಸಾಮಾನ್ಯವಾಗಿ ಕಡುಗೆಂಪಾಗಿಯೇ ಕಾಣುತ್ತದೆ, ಏಕೆಂದರೆ ಜಿಲ್ಲಾ ಕೇಂದ್ರದ ಜನಸಂಖ್ಯೆ ಅದರೊಳಗಿದೆ. ಒಂದು ಲಕ್ಷ ಜನರಿಗೆ ಎಷ್ಟು ಪ್ರಕರಣ ಎಂದು ಲೆಕ್ಕ ಹಾಕಿ, ಆ ದರಕ್ಕೆ ಬಣ್ಣ ಕೊಡಿ.

ಪ್ರಶ್ನೆ: ಕ್ಷಯರೋಗಿಗಳ ಮನೆಗಳನ್ನು ಗುರುತಿಸಿದ ನಕಾಶೆಯ ಲಿಂಕನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ? (ಓದುಗರು, ಶಹಾಪುರ)

ಉತ್ತರ: ಖಂಡಿತ ಹಾಕಬಾರದು. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯ ಅರ್ಥ ಅಕ್ಷರಶಃ ಅದೇ. ಗುಂಪಿನಿಂದ ಇನ್ನೊಂದು ಗುಂಪಿಗೆ ಹೋದ ಲಿಂಕನ್ನು ಹಿಂದಕ್ಕೆ ಕರೆಸಲಾಗುವುದಿಲ್ಲ. ಹೆಸರು ತೆಗೆದರೂ ಪ್ರಯೋಜನವಿಲ್ಲ, ಏಕೆಂದರೆ ಹಳ್ಳಿಯಲ್ಲಿ ಮನೆಯ ಗುರುತೇ ಮನುಷ್ಯನ ಹೆಸರು. ಹಂಚುವ ನಕಾಶೆಯಲ್ಲಿ ಗ್ರಾಮಕ್ಕೊಂದೇ ಬಿಂದು ಇರಲಿ. ಒಂದಿಬ್ಬರೇ ರೋಗಿಗಳಿರುವ ಊರುಗಳನ್ನು ಆರೋಗ್ಯ ಉಪಕೇಂದ್ರದ ಮಟ್ಟಕ್ಕೆ ಒಟ್ಟುಗೂಡಿಸಿ. ಮನೆಮಟ್ಟದ ವಿವರ ಇಲಾಖೆಯ ಅಧಿಕೃತ ವ್ಯವಸ್ಥೆಯೊಳಗೇ ಉಳಿಯಲಿ.

ಪ್ರಶ್ನೆ: ಪಕ್ಕದ ಹೊಲದವರೊಡನೆ ಬದುವಿನ ತಕರಾರಿದೆ. ದಿಶಾಂಕ್ ಆ್ಯಪ್ ತೋರಿಸುವ ಗಡಿಯನ್ನು ಪುರಾವೆಯಾಗಿ ಕೊಡಬಹುದೇ? (ಓದುಗರು, ಯಾದಗಿರಿ)

ಉತ್ತರ: ನೀವು ನಿಂತ ಜಾಗದ ಸರ್ವೆ ನಂಬರು ತಿಳಿಯಲು ದಿಶಾಂಕ್ ಬಹಳ ಅನುಕೂಲ. ಆದರೆ ಫೋನಿನ ಗುರುತೇ 5 ಮೀಟರ್ ಆಚೀಚೆ ಆಗುವಾಗ ಎರಡಡಿ ಬದುವಿನ ಜಗಳವನ್ನು ಅದು ತೀರ್ಮಾನಿಸಲಾರದು. ಹದ್ದುಬಸ್ತಿಗೆ (ಜಮೀನಿನ ಗಡಿ ಗುರುತಿಸುವ ಸರ್ಕಾರಿ ಅಳತೆಗೆ) ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಿ. ಅರ್ಜಿಯಲ್ಲಿ ಬರೆಯುವ ಸರ್ವೆ ಮತ್ತು ಹಿಸ್ಸಾ ನಂಬರುಗಳನ್ನು ಆ್ಯಪ್ ನೋಡಿ ಬರೆಯದೆ, ಪಹಣಿಯಿಂದಲೇ ತೆಗೆದುಕೊಳ್ಳಿ.