ಅರ್ಧ ಮ್ಯಾಚ್ ಆದರೆ ಸಾಕಾ ಮೇಡಂ?

ಹೋದ ತಿಂಗಳು ರಕ್ತಹೀನತೆ ಬಗ್ಗೆ ಬರೆಯುವಾಗ ಕೊನೆಗೆ ಸುಮ್ನೆ ಒಂದು ಸಾಲು ಬ್ಲಡ್ ಕ್ಯಾನ್ಸರ್ ಮತ್ತು ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲ ಕಣ) ಕಸಿ ಬಗ್ಗೆ ಸೇರಿಸಿದ್ದೆ. ಆ ಒಂದು ಸಾಲಿಗೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವೇ ಜಾಸ್ತಿ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ಈ ಸಲ ಬೇರೆ ಕಾಯಿಲೆಯವರು ಸ್ವಲ್ಪ ಕ್ಷಮಿಸಬೇಕು.

ಪ್ರಶ್ನೆ: ಮೇಡಂ, ನನ್ನ ತಂಗಿಗೆ 24 ವರ್ಷ. ನಾಲ್ಕು ತಿಂಗಳ ಹಿಂದೆ ಎಎಂಎಲ್ ಅನ್ನುವ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ ಕೀಮೋ ಆಯಿತು, ಈಗ ರಿಪೋರ್ಟ್‌ನಲ್ಲಿ ಕಾಯಿಲೆ ಕಾಣುತ್ತಿಲ್ಲ. ಆದರೂ ಕಸಿ ಮಾಡಿಸಿ ಅನ್ನುತ್ತಾರೆ. ನಾವು ಮೂವರು ಅಣ್ಣತಮ್ಮಂದಿರು, ಯಾರದ್ದೂ ಪೂರ್ತಿ ಹೊಂದಲಿಲ್ಲ. ನನ್ನದು ಅರ್ಧ ಹೊಂದುತ್ತದಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರದ್ದೇ ಹೊಂದದಿದ್ದರೆ ಹೇಗೆ? ಅರ್ಧ ಮ್ಯಾಚ್ ನಂಬಬಹುದಾ? (ಸಿಂಧನೂರು)

ಉತ್ತರ: ತಮ್ಮಾ, ಮೊದಲು ಆ 'ಹೇಗೆ'ಗೆ ಉತ್ತರ. ಇಲ್ಲಿ ನೋಡುವುದು ರಕ್ತದ ಗುಂಪನ್ನಲ್ಲ, ಎಚ್‌ಎಲ್‌ಎ ಅನ್ನುವ ಗುರುತನ್ನು. ನಮ್ಮ ಜೀವಕೋಶಗಳ ಮೇಲೆ 'ಇದು ನಮ್ಮವರದ್ದು' ಅಂತ ಹೇಳುವ ಗುರುತು ಅದು. 1958ರಲ್ಲಿ ಫ್ರಾನ್ಸಿನ ಜಾನ್ ದೋಸ್ಸೆ ಅದನ್ನು ಮೊದಲು ಗುರುತಿಸಿದರು, 1980ರಲ್ಲಿ ಅವರಿಗೆ ನೊಬೆಲ್ ಬಂತು. ಅಪ್ಪನಿಂದ ಒಂದು ಸೆಟ್, ಅಮ್ಮನಿಂದ ಒಂದು ಸೆಟ್ ಬರುತ್ತದೆ. ಇಬ್ಬರಿಂದಲೂ ನಿನಗೂ ತಂಗಿಗೂ ಅದೇ ಸೆಟ್ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಷ್ಟೇ. ಮೂವರು ಅಣ್ಣತಮ್ಮಂದಿರಿದ್ದರೂ ಒಬ್ಬರದ್ದೂ ಹೊಂದದಿರುವ ಸಾಧ್ಯತೆ ನೂರಕ್ಕೆ 42. ಹಾಗಾಗಿ ನಿಮ್ಮ ಮನೆಯಲ್ಲಿ ಆಗಿದ್ದು ವಿಚಿತ್ರವೇನಲ್ಲ, ಅಮ್ಮನ ಮೇಲೆ ಯಾರಾದರೂ ಏನಾದರೂ ಮಾತಾಡಿದ್ದರೆ ಅವರ ಬಾಯಿ ಮುಚ್ಚಿಸು.

ರಿಪೋರ್ಟ್ ಚೆನ್ನಾಗಿದ್ದರೂ ಕಸಿ ಯಾಕೆ ಅಂದರೆ, ಕಾಯಿಲೆ ಪತ್ತೆಯಾದ ದಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್ ಕಣಗಳಿರುತ್ತವೆ. ಕೀಮೋ ಆಗಿ ಮೈಕ್ರೋಸ್ಕೋಪ್‌ನಲ್ಲಿ ಕಾಣದ ಹಾಗಾದ ಮೇಲೂ ನೂರು ಕೋಟಿ ಉಳಿದಿರಬಹುದು. ಕಾಣದ ಆ ನೂರು ಕೋಟಿಯದ್ದೇ ಭಯ.

ನೀವು ಸಿಂಧನೂರಿನವರು, ಭತ್ತದ ನಾಟಿ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗದ್ದೆ ಉತ್ತು, ಕಳೆ ಮುಳುಗಿಸಿ, ಕೆಸರು ಮಾಡಿ, ಬೇರೆ ಮಡಿಯಲ್ಲಿ ಬೆಳೆದ ಸಸಿ ತಂದು ನೆಡುತ್ತೀರಿ ಅಲ್ವಾ? ಕಸಿಯೂ ಮೇಲುನೋಟಕ್ಕೆ ಹಾಗೇ. ಜೋರು ಕೀಮೋ ಕೊಟ್ಟು, ಕೆಲವೊಮ್ಮೆ ರೇಡಿಯೇಷನ್ನೂ ಕೊಟ್ಟು ಮೂಳೆಯೊಳಗೆ ರಕ್ತ ಹುಟ್ಟಿಸುವ ಹಳೆ ಮಜ್ಜೆ ಖಾಲಿ ಮಾಡುತ್ತಾರೆ, ದಾನಿಯ ಸ್ಟೆಮ್ ಸೆಲ್‌ಗಳನ್ನು ರಕ್ತದ ಬಾಟಲಿಯ ಹಾಗೆ ನರದಲ್ಲಿ ಬಿಡುತ್ತಾರೆ, ಅವು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ಕೂರುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಹೊಸ ಬಿಳಿ ಕಣ ಕಾಣಿಸಿಕೊಳ್ಳುತ್ತವೆ. ಆದರೆ ನಿಮ್ಮ ಗದ್ದೆಯಲ್ಲಿ ಆಗದ ಒಂದು ವಿಷಯ ಇಲ್ಲಿ ಆಗುತ್ತದೆ: ನೆಟ್ಟ ಸಸಿಯೇ ಕಳೆ ಕೀಳುತ್ತದೆ. ದಾನಿಯ ಕಣಗಳ ಜೊತೆ ಬರುವ, ಹೊರಗಿನವರ ಜೊತೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಸೆಲ್‌ಗಳು ಉಳಿದ ಲ್ಯುಕೇಮಿಯಾ ಕಣಗಳನ್ನು 'ಇವು ನಮ್ಮವಲ್ಲ' ಅಂತ ಹುಡುಕಿ ಕೊಲ್ಲುತ್ತವೆ. ಕಸಿಯ ಅಸಲಿ ಔಷಧಿ ಅದೇ. ಕಷ್ಟವೂ ಅದೇ, ಯಾಕೆಂದರೆ ಅದೇ ಟಿ ಸೆಲ್‌ಗಳು ರೋಗಿಯ ಚರ್ಮ, ಕರುಳು, ಲಿವರ್ ಮೇಲೂ ಬೀಳುತ್ತವೆ. ಇದಕ್ಕೆ ಜಿವಿಎಚ್‌ಡಿ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಈ ನಾಲ್ಕಕ್ಷರ ನೂರು ಸಲ ಕೇಳುತ್ತೀರಿ.

ಅರ್ಧ ಮ್ಯಾಚ್‌ಗೆ ಮೊದಲೆಲ್ಲಾ ವೈದ್ಯರು ಹೆದರುತ್ತಿದ್ದದ್ದು ಇದಕ್ಕೇ. ದಾರಿ ತೋರಿಸಿದವರು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವೈದ್ಯರು, ಅದೂ ಒಂದು ಹಳೆಯ, ಅಗ್ಗದ ಔಷಧಿಯಿಂದ. ಸೈಕ್ಲೋಫಾಸ್ಫಮೈಡ್ ಅಂತ, 1959ರಿಂದ ಬಳಕೆಯಲ್ಲಿದೆ. ಅದನ್ನು ಕಸಿ ಆದ ಮೂರನೇ ಮತ್ತು ನಾಲ್ಕನೇ ದಿನ ಕೊಟ್ಟರು. ಲೆಕ್ಕ ಏನಪ್ಪಾ ಅಂದರೆ, ರೋಗಿಯ ಮೈ ಮೇಲೆ ಸಿಟ್ಟಿಗೆದ್ದ ಟಿ ಸೆಲ್‌ಗಳು ಆ ಹೊತ್ತಿಗೆ ಬಡಬಡ ಒಡೆದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿರುತ್ತವೆ, ಈ ಔಷಧಿ ಹೊಡೆಯುವುದು ಹಾಗೆ ಒಡೆಯುತ್ತಿರುವ ಕಣಗಳನ್ನೇ. ಸ್ಟೆಮ್ ಸೆಲ್‌ಗಳೊಳಗೆ ಈ ಔಷಧಿಯನ್ನು ಕೆಡಿಸುವ ಒಂದು ಎಂಜೈಮ್ ಜಾಸ್ತಿ ಇರುವುದರಿಂದ ಅವು ಬದುಕಿಕೊಳ್ಳುತ್ತವೆ. ಸುಮ್ಮನೆ ಕೂತಿದ್ದ ಟಿ ಸೆಲ್‌ಗಳೂ ಸಾಕಷ್ಟು ಉಳಿಯುತ್ತವೆ. ನನಗೆ ಇಡೀ ವೈದ್ಯಕೀಯದಲ್ಲೇ ಇಷ್ಟು ಚಂದದ ಉಪಾಯ ಕಡಿಮೆ ಅನ್ನಿಸುತ್ತದೆ. ಎಷ್ಟರಮಟ್ಟಿಗೆ ಅಂದರೆ ಆಮೇಲೆ ಮ್ಯಾಚ್ ಆದ ದಾನಿಗಳಲ್ಲೂ ಇದನ್ನೇ ಪರೀಕ್ಷಿಸಿದರು. 2023ರಲ್ಲಿ ಅಮೆರಿಕದಲ್ಲಿ 431 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಒಂದು ವರ್ಷದ ಹೊತ್ತಿಗೆ ಕಾಯಿಲೆಯೂ ಮರಳದೆ, ಗಂಭೀರ ಜಿವಿಎಚ್‌ಡಿಯೂ ಇಲ್ಲದೆ ಬದುಕಿದ್ದವರು ಈ ಔಷಧಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 53, ಹಳೆ ವಿಧಾನದಲ್ಲಿ ಸುಮಾರು 35.

ಹಾಗಾಗಿ ಅರ್ಧ ಮ್ಯಾಚ್ ಅಂದ ಮಾತ್ರಕ್ಕೆ ಅರ್ಧ ಚಿಕಿತ್ಸೆ ಅಂದುಕೊಳ್ಳಬೇಡ. ಅಪಾಯ ಇದೆ, ಸೋಂಕಿನ ಕಾಟ ಇದೆ, ಖರ್ಚೂ ಸ್ವಲ್ಪ ಜಾಸ್ತಿ. ಆದರೆ ಎಎಂಎಲ್‌ನಲ್ಲಿ ಪೂರ್ತಿ ಮ್ಯಾಚ್ ಸಿಗಲಿ ಅಂತ ಕಾಯುತ್ತಾ ಕೂತು ಕಾಯಿಲೆ ಮರಳಿ ಬಂದರೆ ಅದು ಇದಕ್ಕಿಂತ ದೊಡ್ಡ ನಷ್ಟ. ನಿಮ್ಮ ಮನೆಯಲ್ಲಿ ಸೋದರ ಸಂಬಂಧದ ಮದುವೆಗಳು ಆಗಿದ್ದರೆ, ನಮ್ಮ ಕಡೆ ಆಗಿರುವುದೇ ಹೆಚ್ಚು, ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಅಂಥ ಮನೆಗಳಲ್ಲಿ ಅಪ್ಪ, ಅಮ್ಮ, ಸೋದರಮಾವ, ಅತ್ತೆ ಮಕ್ಕಳಲ್ಲೂ ಪೂರ್ತಿ ಮ್ಯಾಚ್ ಸಿಗುವುದುಂಟು. (ಹಾಗಂತ ಅಂಥ ಮದುವೆಗೆ ನನ್ನ ಓಟಿಲ್ಲ. ಥಲಸ್ಸೀಮಿಯಾದಂಥ, ವಂಶದಲ್ಲಿ ಬರುವ ರಕ್ತದ ಕಾಯಿಲೆಗಳೂ ಅದೇ ಬಾಗಿಲಿಂದ ಬರುತ್ತವೆ.)

ಪ್ರಶ್ನೆ: ಡಾಕ್ಟ್ರೇ, ನಾನು ಬಿಎಸ್ಸಿ ಓದುತ್ತಿದ್ದೇನೆ. ರೋಗಿಗೆ ತದ್ರೂಪಿ ಅವಳಿ ಇದ್ದರೆ ಅವರ ಮಜ್ಜೆಯೇ ಎಲ್ಲಕ್ಕಿಂತ ಒಳ್ಳೆಯದು ಅಲ್ವಾ? ನೂರಕ್ಕೆ ನೂರು ಮ್ಯಾಚ್. (ಗಂಗಾವತಿ)

ಉತ್ತರ: ಒಳ್ಳೆ ಪ್ರಶ್ನೆ. ಶುರುವಿನಲ್ಲಿ ಎಲ್ಲರೂ ಅಂದುಕೊಂಡದ್ದೂ ಅದನ್ನೇ. ಅಮೆರಿಕದ ಡೊನಾಲ್ ಥಾಮಸ್ 1957ರಲ್ಲಿ ಮನುಷ್ಯರಿಗೆ ಮಜ್ಜೆ ಕೊಟ್ಟ ಮೊದಲ ಪ್ರಯತ್ನಗಳನ್ನು ಪ್ರಕಟಿಸಿದರು. 1959ರಲ್ಲಿ ಇಬ್ಬರು ಲ್ಯುಕೇಮಿಯಾ ರೋಗಿಗಳಿಗೆ ಜೋರು ರೇಡಿಯೇಷನ್ ಕೊಟ್ಟು ಅವರವರ ಅವಳಿಯ ಮಜ್ಜೆ ಹಾಕಿದರು. ಮಜ್ಜೆ ಚೆನ್ನಾಗಿ ಹಿಡಿಯಿತು. ಕೆಲವು ತಿಂಗಳಿಗೆ ಲ್ಯುಕೇಮಿಯಾ ಮರಳಿತು. ಅಂದರೆ ರೇಡಿಯೇಷನ್ ಒಂದರಿಂದಲೇ ಎಲ್ಲಾ ಕಣ ಸಾಯಲಿಲ್ಲ. 1960ರ ದಶಕದಲ್ಲಿ ತುಂಬಾ ಜನ ಇದು ಆಗುವ ಕೆಲಸವಲ್ಲ ಅಂತ ಕೈಬಿಟ್ಟರು, ಥಾಮಸ್ ಮಾತ್ರ ನಾಯಿಗಳ ಮೇಲೆ ಪ್ರಯೋಗ ಮಾಡುತ್ತಾ ಹಟ ಹಿಡಿದು ಕೂತರು. 1990ರಲ್ಲಿ ನೊಬೆಲ್ ಬಂತು.

ಅದೇ 1990ರಲ್ಲಿ ಇನ್ನೂ ಎರಡು ವಿಷಯ ಹೊರಬಂತು. 2,254 ಕಸಿ ರೋಗಿಗಳ ದಾಖಲೆ ತೆಗೆದು ನೋಡಿದಾಗ ಅವಳಿಯಿಂದ ಮಜ್ಜೆ ಪಡೆದವರಲ್ಲಿ ಕಾಯಿಲೆ ಮರಳಿದ್ದು ಜಾಸ್ತಿ ಅಂತ ಸಿಕ್ಕಿತು. ದಾನಿಯ ಟಿ ಸೆಲ್ ಸೋಸಿ ತೆಗೆದು ಕೊಟ್ಟವರಲ್ಲೂ ಹಾಗೇ. ಸ್ವಲ್ಪ ಜಿವಿಎಚ್‌ಡಿ ಆದವರಲ್ಲಿ ಕಡಿಮೆ. ಇನ್ನೊಂದು ಜರ್ಮನಿಯ ಮ್ಯೂನಿಕ್‌ನದ್ದು: ಕಸಿ ಆದ ಮೇಲೆ ಸಿಎಂಎಲ್ (ನಿಧಾನಕ್ಕೆ ಬೆಳೆಯುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್) ಮರಳಿದವರಿಗೆ ಮತ್ತೆ ಕಸಿ ಮಾಡದೆ, ಹಳೆ ದಾನಿಯ ಲಿಂಫೋಸೈಟ್ ಕಣಗಳನ್ನು (ಟಿ ಸೆಲ್ ಇರುವ ಬಿಳಿ ಕಣಗಳನ್ನು) ಕೊಟ್ಟರು, ಕಾಯಿಲೆ ಹಿಂದೆ ಸರಿಯಿತು. ಅಂದರೆ ಪೂರ್ತಿ ಒಂದೇ ಆಗಿದ್ದರೆ ಜಗಳವೇ ಇಲ್ಲ, ಜಗಳ ಇಲ್ಲದಿದ್ದರೆ ಲ್ಯುಕೇಮಿಯಾಕ್ಕೆ ಆರಾಮ. ಪೂರ್ತಿ ಬೇರೆ ಆಗಿದ್ದರೆ ರೋಗಿಯೇ ಉಳಿಯುವುದಿಲ್ಲ. ಈ ಎರಡರ ನಡುವೆ ಎಷ್ಟು ಜಗಳ ಬಿಡಬೇಕು ಅನ್ನುವುದನ್ನೇ ಸಂಶೋಧಕರು ಇವತ್ತಿಗೂ ಹುಡುಕುತ್ತಿದ್ದಾರೆ. ಈಗ ಸುದ್ದಿಯಲ್ಲಿರುವ ಕಾರ್-ಟಿ ಚಿಕಿತ್ಸೆಯೂ ಇದೇ ಬಳ್ಳಿಯ ಕಾಯಿ. ರೋಗಿಯ ಸ್ವಂತ ಟಿ ಸೆಲ್ ತೆಗೆದು, ಕ್ಯಾನ್ಸರ್ ಕಣ ಗುರುತಿಸುವ ವಿದ್ಯೆ ಕಲಿಸಿ ವಾಪಸ್ ಬಿಡುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನಮ್ಮ ದೇಶದ್ದೇ ಒಂದಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದೆ. ಆದರೆ ಅದು ಬಿ ಸೆಲ್ ಅನ್ನುವ ಇನ್ನೊಂದು ಬಗೆಯ ಬಿಳಿ ಕಣದ ಕ್ಯಾನ್ಸರ್‌ಗಳಿಗೆ, ಎಎಂಎಲ್‌ಗೆ ಅಲ್ಲ.

ಪ್ರಶ್ನೆ: ನಮ್ಮ ಮಾವನಿಗೆ ಸಿಎಂಎಲ್. ಬರೀ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಕಸಿ ಬೇಡವಾ? (ಸಿರುಗುಪ್ಪ)

ಉತ್ತರ: ಸದ್ಯಕ್ಕೆ ಬೇಡಮ್ಮಾ. 2001ರಲ್ಲಿ ಇಮ್ಯಾಟಿನಿಬ್ ಅನ್ನುವ ಮಾತ್ರೆ ಬಂದ ಮೇಲೆ ಸಿಎಂಎಲ್‌ಗೆ ಕಸಿ ಮಾಡುವುದೇ ಅಪರೂಪ. ಮಾತ್ರೆ ಒಂದು ದಿನವೂ ತಪ್ಪಬಾರದು, ಅಷ್ಟೇ. ಜಾತ್ರೆ, ಉಪವಾಸ ಅಂತ ಬಿಡುವ ಹಾಗಿಲ್ಲ.

ಪ್ರಶ್ನೆ: ಮಗನಿಗೆ ಆರು ವರ್ಷ, ಎಎಲ್ಎಲ್ ಅನ್ನುವ ಬ್ಲಡ್ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಕಸಿ ಮಾಡಿಸದಿದ್ದರೆ ಉಳಿಯುವುದಿಲ್ಲ ಅಂತ ಊರವರು ಹೆದರಿಸುತ್ತಾರೆ. ಹೊಲ ಮಾರಲಾ? (ಮಾನ್ವಿ)

ಉತ್ತರ: ಹೊಲ ಮಾರಬೇಡಿ ಅಣ್ಣಾ. ಮಕ್ಕಳ ಎಎಲ್ಎಲ್ ಬಹುಪಾಲು ಕೀಮೋದಲ್ಲೇ ವಾಸಿಯಾಗುತ್ತದೆ. ಔಷಧಿಗೆ ಬಗ್ಗದಿದ್ದರೆ, ಇಲ್ಲಾ ಕಾಯಿಲೆ ಮರಳಿದರೆ, ಆಗ ಕಸಿಯ ಮಾತು. ನನ್ನ ಚಿಂತೆ ಬೇರೆ. ಈ ಚಿಕಿತ್ಸೆ ಎರಡು-ಮೂರು ವರ್ಷದ್ದು. ಮಗು ಆಡಿಕೊಂಡಿದೆ, ಕೂದಲು ಬಂದಿದೆ, ಇನ್ನೇನು ಬೇಕು ಅಂತ ಎಂಟು ತಿಂಗಳಿಗೇ ಬಸ್ ಹತ್ತುವುದನ್ನು ಬಿಟ್ಟವರನ್ನು ನೋಡಿದ್ದೇನೆ. ಅದು ಬೇಡ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಚಿಕಿತ್ಸೆಯ ಪ್ರಯಾಣಕ್ಕೆ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇದ್ದೇ ಇದೆ.

ಪ್ರಶ್ನೆ: ತಮ್ಮನಿಗೆ ಕಸಿ ಆಗಬಹುದು ಅಂದಿದ್ದಾರೆ. ಈಗ ರಕ್ತ ಏರಿಸಬೇಕು. ಹೊರಗಿನವರ ರಕ್ತ ಯಾಕೆ, ನಾವೇ ಆರು ಜನ ಮನೆಯವರು ಕೊಡುತ್ತೇವೆ ಅಂದರೆ ಬ್ಲಡ್ ಬ್ಯಾಂಕಿನವರು ಬೇಡ ಅನ್ನುತ್ತಾರೆ. ಇದೆಂಥ ರೂಲ್ಸ್? (ಕುರುಗೋಡು)

ಉತ್ತರ: ಸರಿಯಾದ ರೂಲ್ಸ್. ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು, ಶುರುವಿನ ವರ್ಷಗಳಲ್ಲಿ ಅಣ್ಣನ ರಕ್ತ ತಮ್ಮನಿಗೆ ಕೊಡುವಾಗ ಎಷ್ಟು ಪುಣ್ಯದ ಕೆಲಸ ಅಂತ ಖುಷಿಪಟ್ಟಿದ್ದೂ ಇದೆ. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಮುಂದೆ ನೀವೇ ಸ್ಟೆಮ್ ಸೆಲ್ ದಾನಿ ಆಗಬೇಕಾಗಬಹುದು. ಈಗಲೇ ನಿಮ್ಮ ರಕ್ತ ಕೊಟ್ಟರೆ ತಮ್ಮನ ಮೈ ನಿಮ್ಮ ಗುರುತಿನ ಮೇಲೆ ಹಗೆ ಬೆಳೆಸಿಕೊಂಡು ಆಮೇಲೆ ಕಸಿಯನ್ನೇ ತಿರಸ್ಕರಿಸಬಹುದು. ಇನ್ನೊಂದು ಅಪಾಯ ಅಪರೂಪದ್ದು, ಆದರೆ ಬಂದರೆ ಬಹುತೇಕ ಉಳಿಸುವುದಿಲ್ಲ: ಹತ್ತಿರದ ಸಂಬಂಧಿಕರ ರಕ್ತದಲ್ಲಿರುವ ಟಿ ಸೆಲ್‌ಗಳನ್ನು ರೋಗಿಯ ಮೈ 'ನಮ್ಮವರೇ' ಅಂತ ಒಳಗೆ ಬಿಟ್ಟುಕೊಳ್ಳುತ್ತದೆ, ಅವು ಮಾತ್ರ ಇವನನ್ನು ತಮ್ಮವನು ಅಂತ ನೋಡುವುದಿಲ್ಲ. ಕಸಿಗೆ ಸಿದ್ಧವಾಗುತ್ತಿರುವವರಿಗೆ ರೇಡಿಯೇಷನ್‌ಗೆ ಒಡ್ಡಿದ ರಕ್ತ ಕೇಳುವುದು ಇದಕ್ಕೇ. ನೀವು ಆರು ಜನ ಬ್ಲಡ್ ಬ್ಯಾಂಕಿಗೆ ಬೇರೆಯವರ ಸಲುವಾಗಿ ರಕ್ತ ಕೊಡಿ, ನಿಮ್ಮ ತಮ್ಮನಿಗೆ ಬೇರೆಯವರದ್ದು ಬರಲಿ.

ಪ್ರಶ್ನೆ: ನನ್ನ ಗಂಡ ಅವರ ಅಣ್ಣನಿಗೆ ಮಜ್ಜೆ ಕೊಡಲು ಹೊರಟಿದ್ದಾರೆ. ಬೆನ್ನುಮೂಳೆ ಕೊರೆಯುತ್ತಾರಂತೆ, ಆಮೇಲೆ ಹೊಲದ ಕೆಲಸ ಆಗುವುದಿಲ್ಲವಂತೆ. ಅತ್ತೆ ಮುಂದೆ ಬೇಡ ಅನ್ನಲೂ ಆಗದು. (ಕುಷ್ಟಗಿ)

ಉತ್ತರ: ಅಮ್ಮಾ, ಬೆನ್ನುಮೂಳೆ ಮುಟ್ಟುವುದೇ ಇಲ್ಲ. ಮಜ್ಜೆ ತೆಗೆದರೂ ಸೊಂಟದ ಮೂಳೆಯ ಹಿಂಭಾಗದಿಂದ, ಅರಿವಳಿಕೆ ಕೊಟ್ಟು. ಒಂದೆರಡು ವಾರ ಸೊಂಟ ನೋಯುತ್ತದೆ. ಈಗ ಹೆಚ್ಚಾಗಿ ಅದನ್ನೂ ಮಾಡುವುದಿಲ್ಲ. ನಾಲ್ಕೈದು ದಿನ ಒಂದು ಇಂಜೆಕ್ಷನ್ ಕೊಡುತ್ತಾರೆ, ಆಗ ಸ್ಟೆಮ್ ಸೆಲ್‌ಗಳು ಮೂಳೆ ಬಿಟ್ಟು ರಕ್ತಕ್ಕೆ ಬರುತ್ತವೆ. ಜ್ವರ ಬಂದ ಹಾಗೆ ಮೈಕೈ ನೋವು, ತಲೆನೋವು ಇರುತ್ತದೆ. ಆಮೇಲೆ ಕೆಲವು ಗಂಟೆ ಮಷಿನ್‌ಗೆ ಹಾಕಿ ಒಂದು ಕೈಯಿಂದ ರಕ್ತ ತೆಗೆದು, ಬೇಕಾದ್ದನ್ನು ಸೋಸಿಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸ್ ಬಿಡುತ್ತಾರೆ. ಕೊಟ್ಟದ್ದು ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಹೊಲದ ಕೆಲಸ ಆರಾಮಾಗಿ ಮಾಡಬಹುದು. ಆದರೆ ಭಯ ಇದ್ದರೆ ಗಂಡನ ಜೊತೆ ನೀವೂ ಡಾಕ್ಟರ ಹತ್ತಿರ ಹೋಗಿ, ಎದುರಿಗೇ ಕೇಳಿ. ಕೊಡುವವರ ಮೇಲೆ ಒತ್ತಾಯ ಇರಬಾರದು, ಅತ್ತೆಯದ್ದಾಗಲಿ ಯಾರದ್ದಾಗಲಿ.

ಪ್ರಶ್ನೆ: ಕಸಿ ಆಗಿ ಊರಿಗೆ ಬಂದಿದ್ದೇನೆ. ರೊಟ್ಟಿ ತಿನ್ನಬಹುದಾ? ರಕ್ತದ ಗುಂಪು ಬದಲಾಗುತ್ತದೆ ಅನ್ನುವುದು ನಿಜವಾ? (ಸಂಡೂರು)

ಉತ್ತರ: ಹಂಚಿನಿಂದ ಇಳಿಸಿದ ಬಿಸಿ ಜೋಳದ ರೊಟ್ಟಿ ಧಾರಾಳವಾಗಿ ತಿನ್ನಿ. ಜೊತೆಗೆ ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯೆ ಸೊಪ್ಪು ಡಾಕ್ಟರು ಹೂಂ ಅನ್ನುವವರೆಗೆ ಬೇಡ. ತೇರುಬೀದಿಯ ಮಿರ್ಚಿ ಮಂಡಕ್ಕಿಯೂ ಬೇಡ. ನೀರು ಕುದಿಸಿ ಆರಿಸಿ ಕುಡಿಯಿರಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹುಲ್ಲಿನ ಬಣವೆ, ರಾಶಿ ಮಾಡುವ ಕಣ, ಮನೆ ಕೆಡವಿ ಕಟ್ಟುವ ಜಾಗ, ಇವುಗಳ ಹತ್ತಿರ ಸುಳಿಯಬೇಡಿ. ಆ ಧೂಳಿನಲ್ಲಿರುವ ಬೂಷ್ಟು ನಿಮ್ಮ ಶ್ವಾಸಕೋಶಕ್ಕೆ ವಿಷ. ನಿಮ್ಮೂರಿನ ಕೆಂಪು ಧೂಳಿಗೆ ಮಾಸ್ಕ್ ಹೇಗೂ ಬೇಕೇ ಬೇಕು. ಚಿಕ್ಕಂದಿನಲ್ಲಿ ಹಾಕಿಸಿದ್ದ ಲಸಿಕೆಗಳ ಶಕ್ತಿಯೂ ಹೆಚ್ಚುಕಡಿಮೆ ಹೋಗಿರುತ್ತದೆ, ಮತ್ತೆ ಹಾಕಿಸಬೇಕು. ರಕ್ತದ ಗುಂಪಿನದ್ದು ನಿಜ. ದಾನಿಯದ್ದು ಬಿ ಆಗಿದ್ದರೆ ನಿಧಾನಕ್ಕೆ ನಿಮ್ಮದೂ ಬಿ. ಅಕ್ಕ ಕೊಟ್ಟಿದ್ದರೆ ನಿಮ್ಮ ರಕ್ತಕಣದಲ್ಲಿ ಹೆಂಗಸಿನ ಕ್ರೋಮೋಸೋಮ್ ಕಾಣುತ್ತದೆ, ಮೀಸೆಗೇನೂ ತೊಂದರೆಯಿಲ್ಲ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ದಾನಿಗಳಾಗಿ ಹೆಸರು ನೋಂದಾಯಿಸಬೇಕು ಅಂತಿದ್ದೇವೆ. (ರಾಯಚೂರು)

ಉತ್ತರ: ಮಾಡಿ. ಭಾರತೀಯ ರೋಗಿಗೆ ಮ್ಯಾಚ್ ಸಿಗುವ ಸಾಧ್ಯತೆ ಭಾರತೀಯರಲ್ಲೇ ಜಾಸ್ತಿ, ನಮ್ಮ ಪಟ್ಟಿಗಳು ಇನ್ನೂ ಚಿಕ್ಕವು. ದಾತ್ರಿ, ಡಿಕೆಎಂಎಸ್ ಇಂಥ ಸಂಸ್ಥೆಗಳಿವೆ. 18 ತುಂಬಿರಬೇಕು, ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಕಳಿಸಿದರೆ ಮುಗಿಯಿತು. ಕರೆ ವರ್ಷಗಟ್ಟಲೆ ಬರದಿರಬಹುದು. ಬಂದಾಗ ಮಾತ್ರ ಒಂದು ವಿಷಯ ಗೊತ್ತಿರಲಿ: ನೀವು ಒಪ್ಪಿದ ಮೇಲೆ ಅಲ್ಲಿ ರೋಗಿಯ ಹಳೆ ಮಜ್ಜೆಯನ್ನು ಕೀಮೋ ಕೊಟ್ಟು ಪೂರ್ತಿ ನಾಶ ಮಾಡಿರುತ್ತಾರೆ. ಆ ಹೊತ್ತಿನಲ್ಲಿ 'ಮನೆಯಲ್ಲಿ ಬೇಡ ಅಂದರು' ಅಂತ ಹಿಂದೆ ಸರಿದರೆ ಅವರಿಗೆ ವಾಪಸ್ ಹೋಗಲು ದಾರಿಯೇ ಇರುವುದಿಲ್ಲ. ಅದಕ್ಕೆ ನಾಲ್ವರೂ ಮೊದಲು ಮನೆಯಲ್ಲಿ ಕೂತು ಅಪ್ಪ-ಅಮ್ಮನ ಹತ್ತಿರ ಮಾತಾಡಿ, ಬೇಕಾದರೆ ಈ ಪುಟ ತೋರಿಸಿ, ಕಡ್ಡಿ ಆಮೇಲೆ ಉಜ್ಜಿ.