ಅಟ್ಟದ ಟ್ರಂಕಿನಲ್ಲಿ ಸಿಕ್ಕ ಡೈರಿಗಳು

ಪ್ರಶ್ನೆ: ನಾನು ಹಾಸನದ ಕಡೆಯವಳು, ಮದುವೆಯಾಗಿ ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ನನ್ನ ಗಂಡನ ಮುತ್ತಜ್ಜ ನಾರ್ವೆಯಿಂದ ಬಂದವರು. ಮೊದಲು ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ, ಆಮೇಲೆ ಪಾದ್ರಿಯಾದರಂತೆ. 1911ರಲ್ಲಿ ತೀರಿಕೊಂಡರು. ಅತ್ತೆಯವರ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಅವರ ಒಂಬತ್ತು ಡೈರಿ, ಪ್ರವಚನದ ಹಾಳೆಗಳು, ರಾಶಿ ಚೀಟಿಗಳು ಸಿಕ್ಕಿವೆ. ನಾರ್ವೆ ಭಾಷೆ ಕಲಿತ ಗೆಳತಿಗೂ ಒಂದಕ್ಷರ ಓದಲಾಗಲಿಲ್ಲ. ಡೈರಿ ಇಟ್ಟುಕೊಂಡು ಲೆಕ್ಕದ ಚೀಟಿಗಳನ್ನು ಬಿಸಾಕಬಹುದೇ?

ಉತ್ತರ: ಬಿಸಾಕಬೇಡಿ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಅಂದರೆ ನಾನು ಪ್ರವಚನ ಬಿಟ್ಟು ಚೀಟಿಯನ್ನೇ ಎತ್ತಿಕೊಂಡೇನು!

ನಿಮ್ಮ ಗೆಳತಿಯ ತಪ್ಪೇನಿಲ್ಲ. ಆ ಕಾಲದವರು ಬರೆಯುತ್ತಿದ್ದದ್ದು ಗೋಥಿಕ್ ಕೈಬರಹ. ನಮ್ಮ ಹಳೇ ಕಡತಗಳ ಮೋಡಿ ಅಕ್ಷರ ಇದ್ದ ಹಾಗೆ, ಭಾಷೆ ಬಂದರೂ ಲಿಪಿ ಕೈಗೆ ಸಿಗುವುದಿಲ್ಲ. ಅದರಲ್ಲಿ ‘ಇ’ ಅಕ್ಷರ ನೋಡಲು ‘ಎನ್’ ಥರವೇ ಇರುತ್ತದೆ. ‘ಯು’ ಮತ್ತು ‘ಎನ್’ ಬೇರೆ ಅಂತ ತೋರಿಸಲು ‘ಯು’ ತಲೆಯ ಮೇಲೆ ಒಂದು ಸಣ್ಣ ಕೊಂಕು ಗೆರೆ ಎಳೆಯುತ್ತಿದ್ದರು. ಸಾಲದ್ದಕ್ಕೆ, ಆಗಿನ ಬರಹದ ನಾರ್ವೇಜಿಯನ್ ಹೆಚ್ಚುಕಡಿಮೆ ಡ್ಯಾನಿಶ್ ಭಾಷೆಯೇ.

ಒಂದು ಸುಲಭದ ದಾರಿ ಇದೆ. ಗೋಥಿಕ್‌ನಲ್ಲಿ ಬರೆಯುವವರು ಜನರ ಹೆಸರು, ಊರ ಹೆಸರು ಬಂದಾಗ ಎಷ್ಟೋ ಸಲ ಮಾಮೂಲಿ ಲ್ಯಾಟಿನ್ ಅಕ್ಷರಕ್ಕೆ ಹೊರಳುತ್ತಿದ್ದರು. ಹಾಗಾಗಿ ಮೊದಲು ಪುಟ ಪುಟವೂ ಮಗುಚಿ ಹೆಸರುಗಳನ್ನಷ್ಟೇ ಬರೆದುಕೊಳ್ಳಿ. ಒಂದೇ ಮನೆಯಲ್ಲಿ ಅಪ್ಪ ಓಲೆ ಲಾರ್ಸೆನ್, ಮಗ ಲಾರ್ಸ್ ಓಲ್ಸೆನ್ ಆಗಿದ್ದರೆ ಗಾಬರಿ ಬೇಡ. ಅಪ್ಪನ ಹೆಸರಿಗೆ ‘ಸೆನ್’ ಸೇರಿಸಿದರೆ ಮಗನದ್ದಾಯಿತು. ಜೊತೆಗೆ ಹುಟ್ಟೂರಿನ ಹೊಲಮನೆಯ ಹೆಸರು ಸಿಕ್ಕರೆ ಅದೃಷ್ಟ, ಅದನ್ನು ಹಿಡಿದು ಹುಡುಕಬಹುದು. ನಾರ್ವೆಯ ಹಳೇ ಚರ್ಚ್ ದಾಖಲೆಗಳು ಅಲ್ಲಿನ ಸರ್ಕಾರದ ಡಿಜಿಟಲಾರ್ಕಿವೆಟ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ.

ತಾರೀಖಿನದು ಇನ್ನೊಂದು ತಮಾಷೆ. ಪಾದ್ರಿಗಳು ಎಷ್ಟೋ ಕಡೆ ತಾರೀಖನ್ನೇ ಹಾಕುವುದಿಲ್ಲ. ನಮ್ಮಜ್ಜಿ ‘ಗೌರಿ ಹಬ್ಬದ ಹಿಂದಿನ ವಾರ’ ಅನ್ನುತ್ತಿದ್ದರಲ್ಲ, ಹಾಗೆ ‘ತ್ರಿನಿತಾತಿಸ್ ಆದಮೇಲಿನ 14ನೇ ಭಾನುವಾರ’ ಅಂತ ಬರೆದಿರುತ್ತಾರೆ. ತ್ರಿನಿತಾತಿಸ್ ಅನ್ನುವ ಚರ್ಚ್ ಹಬ್ಬ ಬರುವುದು ಈಸ್ಟರ್ ಆಗಿ ಎಂಟನೇ ಭಾನುವಾರ. 1876ರ ಡೈರಿ ಅಂದುಕೊಳ್ಳಿ. ಆ ವರ್ಷ ಈಸ್ಟರ್ ಏಪ್ರಿಲ್ 16. ತ್ರಿನಿತಾತಿಸ್ ಜೂನ್ 11. ಅಲ್ಲಿಂದ ಹದಿನಾಲ್ಕು ವಾರ ಎಣಿಸಿದರೆ ಸೆಪ್ಟೆಂಬರ್ 17.

ಇನ್ನು ಚೀಟಿಗಳ ಮಾತು. ಚಳಿಗಾಲದಲ್ಲಿ ವಲಸೆ ಬಂದ ನಾರ್ವೆಯವರ ಮಕ್ಕಳು ಸರ್ಕಾರಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ನಾರ್ವೇಜಿಯನ್ ಮೇಷ್ಟ್ರಿಗೆ ಉಳಿಯುತ್ತಿದ್ದದ್ದು ಕೆಲವೇ ವಾರ. ಅಷ್ಟರಲ್ಲೇ ಅಕ್ಷರ, ಬೈಬಲ್ ಕಥೆ, ಧರ್ಮದ ಪ್ರಶ್ನೋತ್ತರ ಎಲ್ಲ ಮುಗಿಸಬೇಕು. ಯಾರ ಮನೆಯಲ್ಲಿ ಎಷ್ಟು ವಾರ ಪಾಠ, ಎಷ್ಟು ಮಕ್ಕಳು, ಸಂಬಳ ಎಷ್ಟು ಬಾಕಿ ಅನ್ನುವುದು ಇಂಥ ಚೀಟಿಯಲ್ಲದೆ ಬೇರೆಲ್ಲಿ ಸಿಗುತ್ತದೆ? ಪಾದ್ರಿಯಾದ ಮೇಲಿನ ಲೆಕ್ಕದಲ್ಲಿ ಕ್ರಿಸ್‌ಮಸ್, ಈಸ್ಟರ್, ಪೆಂತೆಕೋಸ್ತ್ ಹಬ್ಬದ ಕಾಣಿಕೆ ಹುಡುಕಿ. ಫಸಲು ಕೆಟ್ಟ ವರ್ಷ ಅದರಲ್ಲೇ ಗೊತ್ತಾಗಬಹುದು.

ಪ್ರವಚನಗಳನ್ನು ಓದುವುದು, ನಿಜ ಹೇಳಬೇಕೆಂದರೆ, ಸ್ವಲ್ಪ ಬೇಜಾರಿನ ಕೆಲಸ. ಆದರೂ ಮೊದಲ ಹಾಳೆಯ ಅಂಚು ನೋಡಿ. ಒಂದೇ ಪ್ರವಚನವನ್ನು ಹತ್ತು ಕಡೆ ಹೇಳಿ, ಊರು ಮತ್ತು ವರ್ಷವನ್ನು ಮೂಲೆಯಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಪಾದ್ರಿಗಳಿಗಿತ್ತು. ಹಾಗಿದ್ದರೆ ಅವರು ತಿರುಗಾಡಿದ ನಕ್ಷೆಯೇ ನಿಮ್ಮ ಕೈಯಲ್ಲಿದೆ.

ಈಗ ಮಾಡಬೇಕಾದ ಕೆಲಸ. ಕಾಗದಗಳು ಟ್ರಂಕಿನಲ್ಲಿ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಫೋಟೊ ತೆಗೆಯಿರಿ. ವಿಷಯವಾರು ಜೋಡಿಸುವ ಆಸೆ ಬೇಡ. ಡೈರಿಯೊಳಗೆ ಸಿಕ್ಕಿಸಿದ ಕಾಗದ ಆ ಪುಟದಲ್ಲೇ ಇರಲಿ. ತುಕ್ಕು ಹಿಡಿದ ಗುಂಡುಸೂಜಿ ನಿಧಾನವಾಗಿ ತೆಗೆಯಿರಿ. ಹರಿದ ಕಡೆ ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪುಟದ ನಂಬರ್ ಪೆನ್ಸಿಲ್‌ನಲ್ಲೇ ಹಾಕಿ.

ನಿಮ್ಮ ರಾಜ್ಯದ ನಾರ್ತ್‌ಫೀಲ್ಡ್‌ನಲ್ಲೇ, ಸೇಂಟ್ ಓಲಾಫ್ ಕಾಲೇಜಿನಲ್ಲಿ, ನಾರ್ವೇಜಿಯನ್ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಇದೆ. 1925ರಿಂದ ಇಂಥ ಕಾಗದಗಳನ್ನು ಕೂಡಿಡುವುದೇ ಅವರ ಕೆಲಸ. ಮೊದಲು ಮಾತಾಡಿ, ನಾಲ್ಕು ಪುಟದ ಫೋಟೊ ಕಳಿಸಿ. ಕೊಡುವುದಾದರೆ ಇಡೀ ಟ್ರಂಕು ಒಟ್ಟಿಗೇ ಕೊಡಿ. ಡೈರಿ ಒಬ್ಬರ ಮನೆಗೆ, ಚೀಟಿ ಇನ್ನೊಬ್ಬರ ಮನೆಗೆ ಅಂತ ನೆಂಟರಲ್ಲಿ ಹಂಚಿಕೊಂಡರೆ ಮುಗೀತು.

ಅಲ್ಲಿಯವರೆಗೆ ಟ್ರಂಕನ್ನು ಬೇಸ್‌ಮೆಂಟಿಗೆ ಮಾತ್ರ ಇಳಿಸಬೇಡಿ. ಬೇಸಿಗೆಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮಲಗುವ ಕೋಣೆಯ ಬೀರು ಸಾಕು.